ಪೇಟೆ ಯೋಜನೆಗೆ ಆಕ್ಷೇಪಣೆ ಹಾಕಬೇಕೇ? ಮೊದಲು ಗಾಡಿ ಎಣಿಸಿ

ವಿಜಯಪುರದ ಗಾಂಧಿ ಚೌಕದಲ್ಲಿ ಸಂಜೆ ಹೊತ್ತು ರಸ್ತೆ ದಾಟಿದವರಿಗೆ ಅಲ್ಲಿನ ದಟ್ಟಣೆ ಬಗ್ಗೆ ಯಾರೂ ಹೇಳಿಕೊಡಬೇಕಿಲ್ಲ. ಇಂಥ ಕಡೆ ದೊಡ್ಡ ವಾಣಿಜ್ಯ ಸಂಕೀರ್ಣಕ್ಕೆ ಜಾಗ ಬಿಡುವ ಯೋಜನೆ ಬಂತು ಅಂದುಕೊಳ್ಳಿ. ‘ಟ್ರಾಫಿಕ್ ಜಾಸ್ತಿ ಆಗುತ್ತದೆ, ಬೇಡ’ ಎಂದಷ್ಟೇ ಬರೆದುಕೊಟ್ಟರೆ ಆ ಅರ್ಜಿಯನ್ನು ಪಕ್ಕಕ್ಕಿಡುವುದು ಸುಲಭ. ಯೋಜನೆಯ ಸಂಚಾರ ವರದಿಯ ಅಂಕಿಗೆ ನೀವೂ ಅಂಕಿಯನ್ನೇ ಎದುರಿಟ್ಟರೆ ಅಷ್ಟು ಸುಲಭವಲ್ಲ.

ಮೊದಲು ಗಡುವು ನೋಡಿಕೊಳ್ಳಿ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 13ನೇ ಕಲಂ ಪ್ರಕಾರ, ಮಾಸ್ಟರ್ ಪ್ಲ್ಯಾನ್ ಪ್ರಕಟವಾದ 60 ದಿನಗಳೊಳಗೆ ಯಾರು ಬೇಕಾದರೂ ಲಿಖಿತವಾಗಿ ಅಭಿಪ್ರಾಯ ಕೊಡಬಹುದು. ಒಂದು ಜಾಗದ ಭೂಬಳಕೆಯನ್ನಷ್ಟೇ ಬದಲಿಸುವುದಾದರೆ 14ಎ ಕಲಂ ಅಡಿ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಅದರ ಗಡುವು ಪ್ರಕಟಣೆಯಲ್ಲೇ ಇರುತ್ತದೆ. ಅದನ್ನು ಕತ್ತರಿಸಿ ಇಟ್ಟುಕೊಳ್ಳಿ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ಪರಿಸರ ಅನುಮತಿಯೂ ಬೇಕು. ಆ ಕಾಗದಪತ್ರಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಹುಡುಕಿ.

ನಂತರ ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಗೆ ಹೋಗಿ ನಕ್ಷೆಯ ಜೊತೆ ಸಂಚಾರ ಸಮೀಕ್ಷೆಯ ವರದಿಯನ್ನೂ ಕೇಳಿ. ಕೊಡದಿದ್ದರೆ ಅದೇ ದಿನ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಅದಕ್ಕೆ ಉತ್ತರ ಬರಲು 30 ದಿನ ಹಿಡಿಯಬಹುದು. 60 ದಿನಗಳ ಗಡುವಾದರೆ ಅರ್ಧ ಅದರಲ್ಲೇ ಹೋಗುತ್ತದೆ, ಅಲ್ವಾ? ಸಮೀಕ್ಷೆಯನ್ನೇ ಮಾಡಿಲ್ಲ ಎಂಬ ಉತ್ತರ ಬಂದರೆ ಅದೇ ನಿಮ್ಮ ಮೊದಲ ಆಕ್ಷೇಪಣೆ.

ಈಗ ಮುಖ್ಯ ಕೆಲಸ. ವರದಿ ಓದುವಾಗ ಎಣಿಕೆ ಯಾವ ದಿನ, ಯಾವ ಹೊತ್ತಿನಲ್ಲಿ ನಡೆದಿದೆ ನೋಡಿ. ಶಾಲೆಗೆ ರಜೆ ಇದ್ದಾಗ, ಇಲ್ಲವೇ ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ ಎಣಿಸಿದರೆ ಪೇಟೆಯ ನಿಜವಾದ ಒತ್ತಡ ಗೊತ್ತಾಗುವುದಿಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಪ್ರತಿ ವರ್ಷವೂ ಬರುತ್ತದೆ. ಆಗಿನ ಸಂಚಾರವನ್ನು ವರದಿ ಲೆಕ್ಕಕ್ಕೇ ತೆಗೆದುಕೊಂಡಿಲ್ಲವೆಂದರೆ ಅದನ್ನೂ ಬರೆಯಿರಿ.

ಬಳಿಕ ನೀವೇ ಎಣಿಸಿ. ಇಬ್ಬರು ಸಾಕು. ಸಂಜೆ ಒಂದು ಗಂಟೆ ಒಂದೇ ಕಡೆ ಕುಳಿತು, ಎರಡೂ ದಿಕ್ಕಿನ ಗಾಡಿಗಳಿಗೆ ಬಗೆವಾರು ಗೆರೆ ಹಾಕುತ್ತ ಹೋಗಿ. ಗಾಡಿಗಳೆಲ್ಲ ಒಂದೇ ಅಳತೆಯವಲ್ಲ. ಹಾಗಾಗಿ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ಮಾರ್ಗಸೂಚಿಯಲ್ಲಿ ಪ್ರತಿ ಗಾಡಿಗೂ ಕಾರಿನ ಲೆಕ್ಕದಲ್ಲಿ ಒಂದು ಅಂಕಿ ಇದೆ. ಇದನ್ನು ಪಿಸಿಯು ಅನ್ನುತ್ತಾರೆ. ಕಾರಿಗೆ 1. ರಸ್ತೆಯ ಗಾಡಿಗಳಲ್ಲಿ ನೂರಕ್ಕೆ ಹತ್ತು ಮತ್ತು ಅದಕ್ಕಿಂತ ಹೆಚ್ಚು ಇದ್ದರೆ ಬೈಕಿಗೆ 0.75, ಆಟೊಗೆ 2. ನೂರಕ್ಕೆ ಐದರೊಳಗಿದ್ದರೆ ಬಸ್ಸಿಗೆ 2.2, ಟಾಂಗಾಕ್ಕೆ 1.5, ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗೆ 4. ಟಾಂಗಾ ಇನ್ನೂ ಓಡಾಡುವ ನಮ್ಮ ಊರಲ್ಲಿ ವರದಿಯ ಪಟ್ಟಿಯಲ್ಲಿ ಟಾಂಗಾ ಇಲ್ಲದಿದ್ದರೆ ಕೇಳಲೇಬೇಕು. ಕಬ್ಬಿನ ಹಂಗಾಮಿನ ಟ್ರ್ಯಾಕ್ಟರ್‌ಗಳ ಬಗ್ಗೆಯೂ ಹಾಗೆಯೇ.

ಉದಾಹರಣೆಗೆ, ಒಂದು ಗಂಟೆಯಲ್ಲಿ 800 ಬೈಕ್, 200 ಆಟೊ, 150 ಕಾರು, 20 ಬಸ್ಸು, 10 ಟಾಂಗಾ ಬಂದವು ಎನ್ನಿ. ಪಿಸಿಯು ಲೆಕ್ಕದಲ್ಲಿ ಅವು ಕ್ರಮವಾಗಿ 600, 400, 150, 44, 15. ಕೂಡಿಸಿದರೆ 1,209.

ಇದನ್ನು ರಸ್ತೆಯ ಸಾಮರ್ಥ್ಯದ ಪಕ್ಕ ಇಡಿ. ಎರಡೂ ಕಡೆ ಗಾಡಿ ಓಡುವ ದ್ವಿಪಥ ರಸ್ತೆಗೆ ಅದೇ ಮಾರ್ಗಸೂಚಿ ಗಂಟೆಗೆ ಇಷ್ಟು ಪಿಸಿಯು ಎಂದು 1,500, 1,200, 900 ಎಂಬ ಮೂರು ಅಂಕಿ ಕೊಡುತ್ತದೆ. ರಸ್ತೆ ಬದಿ ಗಾಡಿ ನಿಲ್ಲದ, ಅಂಗಡಿ ಬಾಗಿಲು ನೇರ ರಸ್ತೆಗೆ ತೆರೆಯದ ಕಡೆ 1,500. ಅಂಗಡಿಗಳ ಮುಂದೆ ಗಾಡಿ ನಿಲ್ಲುವ, ಅಡ್ಡ ಸಂಚಾರ ಜಾಸ್ತಿ ಇರುವ ಕಡೆ 900. ಪೇಟೆ ರಸ್ತೆ ಈ 900ರ ಥರದ್ದೇ. ವರದಿ 1,500 ಹಿಡಿದಿದ್ದರೆ ರಸ್ತೆಯಲ್ಲಿ ಇನ್ನೂ ಜಾಗ ಇದೆ ಅನ್ನಿಸುತ್ತದೆ. 900 ಹಿಡಿದರೆ ಸಂಕೀರ್ಣ ಕಟ್ಟುವ ಮೊದಲೇ ರಸ್ತೆ ತುಂಬಿ 309 ಮೇಲಾಗಿದೆ! ನನ್ನ ಪ್ರಕಾರ ಇಡೀ ವರದಿಯಲ್ಲಿ ಮೊದಲು ಹುಡುಕಬೇಕಾದ್ದು ಇದನ್ನೇ.

‘ಮುಂದೆ ಫ್ಲೈಓವರ್ ಕಟ್ಟುತ್ತೇವೆ, ಪಾರ್ಕಿಂಗ್ ಕಟ್ಟಡ ಕಟ್ಟುತ್ತೇವೆ’ ಎಂಬ ಭರವಸೆ ಇದ್ದರೆ ಎಲ್ಲಿ ಎಂದು ನೋಡಿ. ಗೋಳಗುಮ್ಮಟ, ಬಾರಾ ಕಮಾನ್‌ನಂಥ ಕೇಂದ್ರ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ನಿರ್ಮಾಣಕ್ಕೆ ನಿಷೇಧವಿದೆ. ಅದರಾಚೆಗೆ ಮತ್ತೆ 200 ಮೀಟರ್‌ವರೆಗೆ ಅನುಮತಿ ಬೇಕು. ಅಲ್ಲಿ ಕಟ್ಟಲಾಗದ್ದನ್ನು ಪರಿಹಾರ ಎಂದು ತೋರಿಸುವಂತಿಲ್ಲ.

ಅರ್ಜಿಯನ್ನು ಪ್ರಾಧಿಕಾರದ ಆಯುಕ್ತರ ಹೆಸರಿಗೆ ಬರೆಯಿರಿ. ಪ್ರಕಟಣೆಯ ಸಂಖ್ಯೆ, ದಿನಾಂಕ, ನಿಮ್ಮ ವಿಳಾಸ ಇರಲಿ. ಪ್ರತಿ ಆಕ್ಷೇಪಣೆಗೂ ವರದಿಯ ಪುಟ ಸಂಖ್ಯೆ, ಅಲ್ಲಿನ ತಪ್ಪು, ನಿಮ್ಮ ಬೇಡಿಕೆ ಈ ಮೂರೂ ಬೇಕು. ಬೇಡಿಕೆ ಖಚಿತವಾಗಿರಲಿ: ಶಾಲೆ ನಡೆಯುವ ದಿನ ಸಂಜೆ ಮರುಎಣಿಕೆ ಆಗಬೇಕು, ಹೊಸ ಕಟ್ಟಡಕ್ಕೆ ಬರುವ ಗಾಡಿಗಳನ್ನು ಸೇರಿಸಿ ಲೆಕ್ಕ ಕೊಡಬೇಕು, ಅಲ್ಲಿಯವರೆಗೆ ಅನುಮೋದನೆ ಕೊಡಬಾರದು. ಎಣಿಕೆ ಹಾಳೆಗೆ ದಿನಾಂಕ, ಸಮಯ ಬರೆದು, ಎಣಿಸಿದವರ ಸಹಿ ಹಾಕಿ ಲಗತ್ತಿಸಿ. ಸಂಚಾರ ಪೊಲೀಸರಿಗೂ ಒಂದು ಪ್ರತಿ ಕೊಡಿ.

ಕೈಯಾರೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಬರಬೇಡಿ. ಮಾಸ್ಟರ್ ಪ್ಲ್ಯಾನ್ ಆಗಿದ್ದರೆ ಬಂದ ಅಭಿಪ್ರಾಯಗಳನ್ನು ಪ್ರಾಧಿಕಾರ ಪರಿಶೀಲಿಸಿ, ತನ್ನ ಶಿಫಾರಸಿನೊಂದಿಗೆ ಸರ್ಕಾರಕ್ಕೆ ಕಳಿಸಬೇಕು. ನಿಮ್ಮ ಅರ್ಜಿಯ ಮೇಲೆ ಏನು ಟಿಪ್ಪಣಿ ಬರೆದಿದ್ದಾರೆ ಎಂಬುದರ ಪ್ರತಿಯನ್ನು ಆ ನಂಬರ್ ಹಾಕಿಯೇ ಮಾಹಿತಿ ಹಕ್ಕಿನಡಿ ಕೇಳಬಹುದು.