ಹೊಸ್ದಾಗಿ ಕ್ಯಾಮೆರಾ ಹಿಡಿದಿದ್ದೀರಾ? ಒಂದೇ ಜಾಗಕ್ಕೆ ಹತ್ತು ಸಲ ಹೋಗಿ

ಕ್ಯಾಮೆರಾ ತಗೊಂಡ ಮೊದಲ ವಾರದಲ್ಲೇ ಎಲ್ರೂ ಕೇಳೋದು ಮುಂದಿನ ಲೆನ್ಸ್ ಯಾವ್ದು ತಗೊಳ್ಲಿ ಅಂತ. ಈಗ್ಲೇ ಏನೂ ತಗೋಬೇಡಿ. ಕ್ಯಾಮೆರಾ ಜೊತೆಗೆ ಬಂದಿರೋ 18-55 ಎಂಎಂ ಲೆನ್ಸೇ ಸಾಕು, ಅದೂ ಇಲ್ದಿದ್ರೆ ಮೊಬೈಲೇ ಸಾಕು. ಮೈಸೂರಲ್ಲಿ ಒಂದು ಜಾಗ ಹಿಡ್ಕೊಂಡು ಅಲ್ಲಿಗೇ ಬೇರೆ ಬೇರೆ ಹೊತ್ತಲ್ಲಿ ಹೋಗ್ತಾ ಇರಿ, ಆಗ ಬೆಳಕು ಹೆಂಗೆ ಬದಲಾಗುತ್ತೆ ಅನ್ನೋದು ತಾನಾಗೇ ಕಣ್ಣಿಗೆ ಬೀಳಕ್ಕೆ ಶುರುವಾಗುತ್ತೆ.

ನಾನು ಕಲ್ತಿದ್ದು ಮೈಸೂರಿನ ದೇವರಾಜ ಮಾರ್ಕೆಟ್ಟಲ್ಲಿ, ಹೂವು ಮಾರೋ ಕಡೆ. ಮಧ್ಯಾಹ್ನ ಹೋದ್ರೆ ಟಾರ್ಪಾಲ್ ಸಂದಿಯಿಂದ ಬಿಸಿಲು ಕೋಲು ಕೋಲಾಗಿ ಬೀಳುತ್ತೆ, ಅದು ಬಿದ್ದ ಕಡೆ ಹಳದಿ ಸೇವಂತಿಗೆ ಬಣ್ಣಾನೇ ಹೋಗಿ ಬೆಳ್ಳಗಾಗ್ಬಿಡುತ್ತೆ, ಪಕ್ಕದಲ್ಲಿ ನೆರಳಲ್ಲಿ ಕೂತಿರೋರ ಮುಖ ಕಪ್ಪು. ಹೂವು ಮುಖ್ಯನಾ ಮುಖ ಮುಖ್ಯನಾ ತೀರ್ಮಾನ ಮಾಡಿ, ಮೊಬೈಲಲ್ಲಾದ್ರೆ ಅದ್ರ ಮೇಲೆ ಬೆರಳಿಟ್ಟು ಬ್ರೈಟ್‌ನೆಸ್ ಮೇಲೆ ಕೆಳಗೆ ಎಳೀರಿ, ಕ್ಯಾಮೆರಾದಲ್ಲಾದ್ರೆ ಪ್ಲಸ್ ಮೈನಸ್ ಇರೋ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಬಳಸಿ, ಪ್ಲಸ್ ಮಾಡಿದ್ರೆ ಫೋಟೋ ಬೆಳ್ಳಗಾಗುತ್ತೆ, ಮೈನಸ್ ಮಾಡಿದ್ರೆ ಕಪ್ಪಗಾಗುತ್ತೆ. ನೀಲಿ ಟಾರ್ಪಾಲ್ ಕೆಳಗೆ ಮಲ್ಲಿಗೆನೂ ನೀಲಿಯಾಗೇ ಬರುತ್ತೆ, ಅದಕ್ಕೆ ರಾ (RAW) ಫಾರ್ಮ್ಯಾಟಲ್ಲಿ, ಅಂದ್ರೆ ಕ್ಯಾಮೆರಾ ಕಂಡಿದ್ದನ್ನ ಹಾಗೇ ಉಳಿಸೋ ಫೈಲಲ್ಲಿ ತೆಗೀರಿ, ಆಮೇಲೆ ವೈಟ್ ಬ್ಯಾಲೆನ್ಸ್, ಅಂದ್ರೆ ಬಿಳಿ ಬಿಳಿಯಾಗೇ ಕಾಣೋ ಹಾಗೆ ಬಣ್ಣ, ಸರಿ ಮಾಡ್ಕೋಬಹುದು.

ಶಟರ್ ಸ್ಪೀಡ್, ಅಂದ್ರೆ ಬೆಳಕು ಒಳಗೆ ಬರಕ್ಕೆ ಶಟರ್ ಎಷ್ಟು ಹೊತ್ತು ತೆರೆದಿರುತ್ತೆ ಅನ್ನೋದು, ಅರ್ಥ ಆಗ್ಬೇಕಾ, ಹೂವು ಅಳೆಯೋ ಕೈ ನೋಡ್ತಾ ನಿಂತ್ಕೊಳ್ಳಿ. ಒಂದು ಮಾರು ಅಂತ ಕೈ ಚಾಚ್ತಾರಲ್ಲ, 1/500 ಸೆಕೆಂಡಲ್ಲಿ ತೆಗೆದ್ರೆ ಒಂದೊಂದು ಮೊಗ್ಗೂ ಎಣಿಸಬಹುದು, 1/15ಕ್ಕೆ ಇಳಿಸಿದ್ರೆ ಮುಖ ನಿಂತಿರುತ್ತೆ, ಕೈ ಮಾತ್ರ ಬಿಳಿ ಗೆರೆ ಥರ ಓಡುತ್ತೆ. ನಂಗೆ ಎರಡನೇದೇ ಇಷ್ಟ. ಆದ್ರೆ ಮೊಣಕೈ ಎದೆಗೆ ಒತ್ಕೊಂಡು, ಕಂಬಕ್ಕೆ ಒರಗಿ, ಉಸಿರು ಬಿಟ್ಟು ಕ್ಲಿಕ್ ಮಾಡಿ, ಇಲ್ಲಾಂದ್ರೆ ಎಲ್ಲಾನೂ ಅಲ್ಲಾಡುತ್ತೆ. ಮೊದ್ಲೇ "ಅಕ್ಕಾ, ಒಂದ್ ಫೋಟೋ ತಕ್ಕೊಳ್ಲಾ" ಅಂತ ಕೇಳಿ, ಬೇಡ ಅಂದ್ರೆ ಬಿಟ್ಬಿಡಿ. ತೆಗೆದಿದ್ನ ತೋರಿಸಿ, ಚೆನ್ನಾಗಿ ಬಂದಿದ್ರೆ ಮುಂದಿನ ಸಲ ಒಂದು ಪ್ರಿಂಟ್ ತಗೊಂಡೋಗಿ ಕೊಡಿ.

ಇನ್ನು ಅರಮನೆ. ಭಾನುವಾರ ಸಂಜೆ 7ಕ್ಕೆ ಲೈಟ್ ಹಾಕ್ತಾರೆ ಅಂತ ಎಲ್ರಿಗೂ ಗೊತ್ತು, ಆದ್ರೆ ಡಿಸೆಂಬರಲ್ಲಿ 6ಕ್ಕೆಲ್ಲಾ ಸೂರ್ಯ ಮುಳುಗಿ 7ಕ್ಕೆ ಆಕಾಶ ಪೂರ್ತಿ ಕಪ್ಪಾಗಿರುತ್ತೆ. ಜೂನ್ ಜುಲೈಲಿ ಮುಳುಗೋದೇ 6:50ರ ಹತ್ರ, ಹಾಗಾಗಿ ಮೋಡ ಇಲ್ದಿದ್ರೆ ಲೈಟ್ ಹತ್ತಿ ಸ್ವಲ್ಪ ಹೊತ್ತಿಗೆ ಹಿಂದೆ ಗಾಢ ನೀಲಿ ಆಕಾಶ ಸಿಗುತ್ತೆ, ಗೋಪುರದ ಅಂಚು ಎದ್ದು ಕಾಣುತ್ತೆ. ನಾನು ಮೊದಲ ಸಲ ಎಲ್ಲಾ ಸೆಟ್ಟಿಂಗೂ ಕ್ಯಾಮೆರಾನೇ ಮಾಡೋ ಆಟೋ ಮೋಡ್ ಹಾಕಿ ತೆಗೆದು ಅಷ್ಟೂ ಬಲ್ಬು ಒಂದೇ ಬಿಳಿ ಮುದ್ದೆಯಾಗಿತ್ತು, ಮನೆಗೆ ಬಂದು ನೋಡಿ ತುಂಬಾ ಬೇಜಾರಾಯ್ತು. ಕೈಯಲ್ಲಿ ಹಿಡ್ಕೊಂಡು ತೆಗೆಯೋದಾದ್ರೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ನಂಬರ್) 1600, ಎಫ್/4 (ಲೆನ್ಸ್ ಕಿಂಡಿ ಎಷ್ಟು ತೆರೆದಿದೆ ಅನ್ನೋದು), ಶಟರ್ 1/60 ಇಂದ ಶುರು ಮಾಡಿ, ಬಲ್ಬು ಒಂದೊಂದಾಗಿ ಕಾಣೋವರ್ಗೂ ಶಟರ್ ಸ್ಪೀಡ್ 1/125, 1/250 ಅಂತ ಜಾಸ್ತಿ ಮಾಡ್ತಾ ಹೋಗಿ. ಗಟ್ಟಿಯಾಗಿ ಇಡಕ್ಕೆ ಏನಾದ್ರೂ ಸಿಕ್ರೆ ಐಎಸ್‌ಒ 100, ಎಫ್/8, ಒಂದು ಸೆಕೆಂಡ್ ಹತ್ರ, ಜೊತೆಗೆ 2 ಸೆಕೆಂಡ್ ಟೈಮರ್, ಯಾಕಂದ್ರೆ ಬಟನ್ ಒತ್ತೋ ಬೆರಳೇ ಕ್ಯಾಮೆರಾನ ಅಲ್ಲಾಡಿಸುತ್ತೆ.

ಮನೆಗೆ ಬಂದ್ಮೇಲೆ ಬರೀ ಮೂರು ಫೋಟೋ ಇಟ್ಕೊಳ್ಳಿ, ಹಾಳಾಗಿರೋದ್ರ ಶಟರ್ ಎಷ್ಟು, ಐಎಸ್‌ಒ ಎಷ್ಟು ಅಂತ ಡೀಟೇಲ್ಸ್ ತೆಗೆದು ನೋಡಿ, ಒಂದು ಚೀಟೀಲಿ ಬರೆದು ಕ್ಯಾಮೆರಾ ಬ್ಯಾಗಲ್ಲೇ ಇಟ್ಟು ಮುಂದಿನ ಭಾನುವಾರ ಅದೇ ಜಾಗಕ್ಕೆ ಹೋಗಿ.