ಅಬು ಸಿಂಬೆಲ್‌ನಲ್ಲಿ ಎರಡು ಬೆಳಗು

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಗವಿಪುರದಲ್ಲಿ. ಸಂಕ್ರಾಂತಿ ಅಂದರೆ ಎಳ್ಳು ಬೆಲ್ಲಕ್ಕಿಂತ ಮೊದಲು ನೆನಪಾಗುವುದು ಗವಿ ಗಂಗಾಧರೇಶ್ವರನ ಗುಡಿ ಮುಂದಿನ ನೂಕುನುಗ್ಗಲು. ಸಂಜೆಯ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ಚಿಕ್ಕವನಿದ್ದಾಗ ಎಷ್ಟು ಸಲ ಹೋಗಿದ್ದೇನೋ! ಅಷ್ಟೂ ಸಲ ಕಂಡಿದ್ದು ಮುಂದೆ ನಿಂತವರ ಬೆನ್ನು. ಅದೇ ಬಿಸಿಲು ನವೆಂಬರ್ ಕೊನೆಯ ಹೊತ್ತಿಗೂ ಅದೇ ದಾರಿಯಲ್ಲಿ ಒಳಗೆ ಬರುತ್ತದೆ ಅಂತ ಗೊತ್ತಾಗಿದ್ದು ದೊಡ್ಡವನಾದ ಮೇಲೆ. ಆಗ ಅದನ್ನು ನೋಡಲು ಸಾಲಿರುವುದಿಲ್ಲ. ಈಜಿಪ್ಟಿಗೆ ಟಿಕೆಟ್ ಮಾಡಿಸುವಾಗ ಈ ವಿಷಯ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ನಾನೂ ನಮ್ಮಕ್ಕನೂ ಅಬು ಸಿಂಬೆಲ್‌ಗೆ ಹೋದೆವು. ಈಜಿಪ್ಟಿನ ದಕ್ಷಿಣದ ತುದಿ, ಸುಡಾನ್ ಗಡಿಯ ಹತ್ತಿರ, ನಾಸೆರ್ ಸರೋವರದ ದಡ. ಮೂರು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ರಾಜ ಎರಡನೇ ರಾಮ್ಸೆಸ್ ಬೆಟ್ಟವನ್ನೇ ಕೊರೆಸಿ ಮಾಡಿಸಿದ ಗುಡಿ ಅದು. ಪ್ರತಿ ವರ್ಷ ಫೆಬ್ರವರಿ 22 ಮತ್ತು ಅಕ್ಟೋಬರ್ 22ರಂದು ಹುಟ್ಟುವ ಸೂರ್ಯನ ಬೆಳಕು ಬಾಗಿಲಿನಿಂದ ಸುಮಾರು 60 ಮೀಟರ್ ಒಳಗೆ ಹೋಗಿ ಗರ್ಭಗುಡಿಯ ಮೂರ್ತಿಗಳನ್ನು ಮುಟ್ಟುತ್ತದೆ. ಆ ಎರಡು ದಿನ ಅಲ್ಲಿ ಜಾತ್ರೆಯೇ ಸರಿ.

ಅಸ್ವಾನ್‌ನಿಂದ ರಸ್ತೆಯಲ್ಲಿ 280 ಕಿಲೋಮೀಟರ್. ಪೂರ್ತಿ ಮರುಭೂಮಿ, ಮೂರೂವರೆ ಗಂಟೆ ಬೇಕು. ಹಬ್ಬಕ್ಕೆ ಬರುವ ಹೆಚ್ಚಿನವರು ಅಸ್ವಾನ್‌ನಲ್ಲೇ ಉಳಿದು, ಮಧ್ಯರಾತ್ರಿ ವ್ಯಾನ್ ಹತ್ತಿ ಬರುತ್ತಾರೆ. ಅಕ್ಕನಿಗೆ ಅರವತ್ತೆರಡು, ಮಂಡಿ ನೋವು ಬೇರೆ. ಅದಕ್ಕೇ ಮೂರು ತಿಂಗಳು ಮುಂಚೆಯೇ ಒಬ್ಬ ಏಜೆಂಟ್ ಮೂಲಕ ಅಬು ಸಿಂಬೆಲ್ ಊರಲ್ಲೇ ರೂಮ್ ಹಿಡಿದಿದ್ದೆ. ಹೋಗಿ ನೋಡಿದರೆ ನಮ್ಮ ಹೆಸರಲ್ಲಿ ಬುಕಿಂಗೇ ಇಲ್ಲ! ಏಜೆಂಟ್ ಫೋನ್ ಎತ್ತಲಿಲ್ಲ. ಊರು ಚಿಕ್ಕದು, ಹೋಟೆಲ್‌ಗಳು ಬೆರಳೆಣಿಕೆಯಷ್ಟು, ಹಬ್ಬದ ವಾರ ಎಲ್ಲವೂ ಭರ್ತಿ. ನೀವು ಹೋಗುವುದಾದರೆ ಹೊರಡುವ ಮುಂಚೆ ಹೋಟೆಲಿಗೇ ನೇರವಾಗಿ ಫೋನ್ ಮಾಡಿ ಕೇಳಿಕೊಳ್ಳಿ. ನಾನು ಮಾಡಿರಲಿಲ್ಲ.

ಕೊನೆಗೆ ನಮ್ಮ ಟ್ಯಾಕ್ಸಿ ಡ್ರೈವರೇ ಪರಿಚಯದ ನ್ಯೂಬಿಯನ್ನರ, ಅಂದರೆ ನೈಲ್ ದಡದ ಅಲ್ಲಿನ ಮೂಲ ಜನರ, ಮನೆಯೊಂದಕ್ಕೆ ಕರೆದುಕೊಂಡು ಹೋದ. ಸುಣ್ಣ ಬಳಿದ ದಪ್ಪ ಗೋಡೆ, ನಡುವೆ ಅಂಗಳ. ಮನೆಯ ಯಜಮಾನರು ಕೂರಿಸಿ ಗಾಜಿನ ಲೋಟದಲ್ಲಿ ಕೆಂಪಗಿನ ಕರ್ಕಡೆ ಕೊಟ್ಟರು. ಹುಳಿ, ಸಿಹಿ, ಬಿಸಿ. ಒಂದು ಗುಟುಕು ಕುಡಿದ ಅಕ್ಕ, "ಇದು ನಮ್ಮ ಪುಂಡಿ ಪಲ್ಯದ ಹುಳಿ ಕಣೋ" ಅಂದಳು. ಊಹೆ ಸರಿ. ಕರ್ಕಡೆ ಮಾಡುವುದು ಪುಂಡಿಯ ಬಳಗದ ಗಿಡದ ಹೂವಿನ ಬುಡವನ್ನು ಸುತ್ತಿರುವ ಕೆಂಪು ಪುಷ್ಪಪಾತ್ರೆಗಳನ್ನು ಕುದಿಸಿ.

ಯಜಮಾನರಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ನಿಮ್ಮ ಊರು ಇದೇನಾ ಅಂತ ಕೇಳಿದೆ. ಸರೋವರದ ಕಡೆ ಕೈ ತೋರಿಸಿ, ಆಮೇಲೆ ಅಂಗೈಯನ್ನು ಕೆಳಗೆ ಒತ್ತಿದರು. ಊರು ನೀರಿನಡಿ. ಅಸ್ವಾನ್ ಹೈ ಡ್ಯಾಮ್ ಕಟ್ಟುವಾಗ 1963-64ರಲ್ಲಿ ಈಜಿಪ್ಟಿನ ನ್ಯೂಬಿಯನ್ನರನ್ನೆಲ್ಲ ಎಬ್ಬಿಸಿ, ದೂರದ ಕೊಮ್ ಒಂಬೊ ಕಡೆ ಸಾಗಿಸಿದರು. ಇವರ ಮನೆಯವರು ಎಷ್ಟೋ ವರ್ಷದ ಮೇಲೆ ವಾಪಸ್ ಬಂದವರಂತೆ. ನಮ್ಮ ಭಾವನ ಕಡೆಯವರು ಶರಾವತಿ ಮುಳುಗಡೆಯವರು. ಲಿಂಗನಮಕ್ಕಿ ಅಣೆಕಟ್ಟೂ 1964ರದ್ದೇ. ಅಕ್ಕ ಏನೋ ಹೇಳಲು ಬಾಯಿ ತೆಗೆದಳು. ಮುಳುಗಡೆ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನು ಹೇಳಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ. ಅವಳೂ ಅಂಗೈ ಕೆಳಗೆ ಒತ್ತಿ ತೋರಿಸಿದಳು. ಅವರಿಗೆ ಅರ್ಥವಾಯಿತು.

ಗುಡಿಯನ್ನು ಮಾತ್ರ ಜೋಪಾನವಾಗಿ ಮೇಲೆತ್ತಿದರು. 1964ರಿಂದ 1968ರವರೆಗೆ ಯುನೆಸ್ಕೋ ನೇತೃತ್ವದಲ್ಲಿ ಇದನ್ನೂ ಪಕ್ಕದ ರಾಣಿ ನೆಫರ್ತಾರಿಯ ಚಿಕ್ಕ ಗುಡಿಯನ್ನೂ ಸಾವಿರಕ್ಕೂ ಜಾಸ್ತಿ ತುಂಡುಗಳಾಗಿ ಗರಗಸದಲ್ಲಿ ಕೊಯ್ದು, 65 ಮೀಟರ್ ಮೇಲೆ, 200 ಮೀಟರ್ ಹಿಂದೆ ಮತ್ತೆ ಜೋಡಿಸಿದರು. ಈಗ ಕಾಣುವ ಬೆಟ್ಟವೂ ಕೃತಕ, ಒಳಗೆ ಕಾಂಕ್ರೀಟ್ ಗುಮ್ಮಟ. ಇಷ್ಟೆಲ್ಲ ಮಾಡುವಾಗ ದಿಕ್ಕು ತಪ್ಪದಂತೆ ನೋಡಿಕೊಂಡರು. ಮುಂಚೆ 21ಕ್ಕೆ ಬೀಳುತ್ತಿದ್ದ ಬೆಳಕು ಈಗ 22ಕ್ಕೆ ಬೀಳುತ್ತದೆ ಅಂತ ಗೈಡ್‌ಗಳು ಹೇಳುತ್ತಾರೆ.

21ರ ರಾತ್ರಿ ಊರಲ್ಲಿ ಡೋಲು, ಕುಣಿತ. ಚೆನ್ನಾಗಿತ್ತು. ಆದರೆ ಅಕ್ಕ ಒಂಬತ್ತಕ್ಕೇ ಮಲಗಬೇಕು ಅಂದಳು, ಅದೇ ಒಳ್ಳೆಯದಾಯಿತು.

22ರ ಬೆಳಗಿನ ಜಾವ ಮೂರಕ್ಕೆ ಹೋದರೆ ಆಗಲೇ ಉದ್ದ ಸಾಲು. ಮರುಭೂಮಿ ಅಂದರೆ ಸೆಕೆ ಅಂದುಕೊಂಡು ಹೋಗಬೇಡಿ. ಫೆಬ್ರವರಿಯಲ್ಲಿ ಸರೋವರದ ಮೇಲಿಂದ ಬರುವ ಗಾಳಿಗೆ ಕೈ ಮರಗಟ್ಟುತ್ತದೆ. ಸ್ವೆಟರ್, ಶಾಲು, ಜೊತೆಗೆ ಅಕ್ಕ ಬೇಡವೆಂದರೂ ಬ್ಯಾಗಿಗೆ ತುರುಕಿದ್ದ ಮಂಕಿ ಕ್ಯಾಪ್, ಎಲ್ಲ ಹಾಕಿಕೊಂಡೆ. ಸ್ವಲ್ಪ ಬೆಳಕಾದ ಮೇಲೆ ಎದುರಿಗಿರುವುದು ಕಾಣತೊಡಗಿತು. 20 ಮೀಟರ್ ಎತ್ತರದ ನಾಲ್ಕು ರಾಮ್ಸೆಸ್‌ಗಳು ಕೂತಿದ್ದಾರೆ. ಒಬ್ಬನ ತಲೆ ಹಳೇ ಭೂಕಂಪಕ್ಕೆ ಉರುಳಿ ಕಾಲ ಬುಡದಲ್ಲಿ ಬಿದ್ದಿದೆ. ಸ್ಥಳಾಂತರ ಮಾಡುವಾಗಲೂ ಅದನ್ನು ಹಾಗೇ ಬಿದ್ದಂತೆಯೇ ಇಟ್ಟಿದ್ದಾರೆ. ತೀರಾ ಮೇಲೆ, ಅಂಚಿನಲ್ಲಿ, ಕಲ್ಲಿನ ಬಬೂನ್ ಕೋತಿಗಳ ಸಾಲು. ಕೈಯೆತ್ತಿ ಸೂರ್ಯನನ್ನು ಸ್ವಾಗತಿಸುತ್ತಿವೆ. ಕೆಳಗೆ ಮಂಕಿ ಕ್ಯಾಪ್ ಹಾಕಿಕೊಂಡು ನಾನು.

6:20ರ ಆಸುಪಾಸಿಗೆ ಸರೋವರದಾಚೆ ಸೂರ್ಯ ಹುಟ್ಟಿದ. ಸಾಲು ಒಮ್ಮೆಲೇ ಮುಂದಕ್ಕೆ ನುಗ್ಗಿತು. ಒಳಗಿನ ಹಜಾರದಲ್ಲಿ ಎಂಟು ಕಂಬ, ಒಂದೊಂದಕ್ಕೂ ಒರಗಿ ನಿಂತ ರಾಜನ ಮೂರ್ತಿ. ಅದನ್ನೆಲ್ಲ ನೋಡಲು ಯಾರು ಬಿಡುತ್ತಾರೆ? ಮುಂದೆ ನೂರಾರು ಫೋನುಗಳು ಎತ್ತಿದ ಕೈಗಳಲ್ಲಿ. ಗರ್ಭಗುಡಿಯ ಎದುರಿಗೆ ಬಂದೆವು. ಕಾವಲುಗಾರ "ಯಲ್ಲಾ, ಯಲ್ಲಾ" ಅಂತ ಕೈ ಬೀಸುತ್ತಿದ್ದ. ಹತ್ತು ಸೆಕೆಂಡ್ ಸಿಕ್ಕಿರಬಹುದು. ಕಿತ್ತಳೆ ಬಣ್ಣದ ಒಂದು ಪಟ್ಟಿ, ಯಾರದೋ ಕಲ್ಲಿನ ಭುಜ, ಅಷ್ಟೇ ಕಂಡಿದ್ದು. ಹೊರಗೆ ಬಂದ ಮೇಲೆ ಅಕ್ಕ ಮಂಡಿ ಒತ್ತಿಕೊಳ್ಳುತ್ತಾ, "ಗವಿಪುರಕ್ಕೆ ಹೋಗಿದ್ರೆ ಆಟೋ ಚಾರ್ಜಲ್ಲೇ ಆಗ್ತಿತ್ತಲ್ಲೋ" ಅಂದಳು.

ಗವಿಪುರ ಅಂದಿದ್ದೇ ನವೆಂಬರ್ ಬಿಸಿಲು ನೆನಪಾಯಿತು.

ಲೆಕ್ಕ ಸುಲಭ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ದಕ್ಷಿಣದ ತುದಿ ಮುಟ್ಟಿ ತಿರುಗುತ್ತಾನೆ. ಹೋಗುವಾಗ ಅಕ್ಟೋಬರ್‌ನಲ್ಲಿ ಹುಟ್ಟಿದ ಜಾಗದಲ್ಲೇ ಬರುವಾಗ ಫೆಬ್ರವರಿಯಲ್ಲೂ ಹುಟ್ಟುತ್ತಾನೆ. ಒಂದು ತುದಿಯಿಂದ ಎರಡು ತಿಂಗಳು ಹಿಂದೆ, ಇನ್ನೊಂದು ಎರಡು ತಿಂಗಳು ಮುಂದೆ. ಹಾಗಾಗಿ ಒಂದು ದಿನ ರಾಜನ ಹುಟ್ಟುಹಬ್ಬ, ಇನ್ನೊಂದು ಪಟ್ಟಾಭಿಷೇಕದ ದಿನ ಅಂತ ಎಲ್ಲರೂ ಹೇಳುವ ಕತೆಯನ್ನು ನಾನು ನಂಬುವುದಿಲ್ಲ. ಅದಕ್ಕೆ ಗಟ್ಟಿ ಆಧಾರವೂ ಇಲ್ಲ. ಒಂದು ತಾರೀಖು ಆರಿಸಿಕೊಂಡರೆ ಇನ್ನೊಂದು ತಾನಾಗೇ ಬಂದುಬಿಡುತ್ತದೆ, ಅದು ನಮ್ಮ ಕೈಯಲ್ಲಿರುವುದಿಲ್ಲ ಅಲ್ವಾ?

ಇನ್ನೊಂದು ವಿಷಯ. ಆ ದಿನಗಳಲ್ಲಿ ಸೂರ್ಯ ಹುಟ್ಟುವ ಜಾಗ ದಿನಕ್ಕೆ ಜರುಗುವುದು ಅರ್ಧ ಡಿಗ್ರಿಗೂ ಕಮ್ಮಿ. ಸೂರ್ಯನ ಬಿಂಬದ ಅಗಲವೇ ಅರ್ಧ ಡಿಗ್ರಿ. ಅಂದರೆ 22ಕ್ಕೆ ಒಳಗೆ ಬಂದ ಬೆಳಕು 23ಕ್ಕೆ ಬಾರದೇ ಇರಲು ಸಾಧ್ಯವೇ ಇಲ್ಲ. ಸ್ವಲ್ಪ ಆಚೀಚೆ, ಅಷ್ಟೇ. ಅಕ್ಕನ ಎದುರು ಹೇಳಿದೆ. "ಇನ್ನೊಂದು ದಿನ ಇರೋಣ, ಆದ್ರೆ ಮೂರಕ್ಕೆ ನಾನು ಏಳಲ್ಲ" ಅಂದಳು.

23ರಂದು ಐದೂವರೆಗೆ ಎದ್ದು ಹೊರಟೆವು. ಊರು ಖಾಲಿ, ವ್ಯಾನುಗಳೆಲ್ಲ ಹಿಂದಿನ ದಿನವೇ ವಾಪಸ್. ಅಸ್ವಾನ್‌ನಿಂದ ಬರುವ ಮಾಮೂಲಿ ಪ್ರವಾಸಿಗರು ಬಿಸಿಲೇರಿದ ಮೇಲೇ ತಲುಪುವುದು. ಗುಡಿಯೊಳಗೆ ನಾವು ಹೆಚ್ಚೆಂದರೆ ಹದಿನೈದು ಜನ. ಗೈಡ್‌ಗಳು ಒಳಗೆ ವಿವರಣೆ ಕೊಡುವಂತಿಲ್ಲ, ಹಾಗಾಗಿ ಮಾತೂ ಇಲ್ಲ.

ಮೊದಲು ಬೆಳಕು ಬಿದ್ದಿದ್ದು ಹಿಂದಿನ ಗೋಡೆಗೆ. ಬೆಳ್ಳಗಲ್ಲ, ತುಪ್ಪದ ದೀಪದ ಬಣ್ಣ. ಅಲ್ಲಿ ಸಾಲಾಗಿ ನಾಲ್ವರು ಕೂತಿದ್ದಾರೆ. ಎಡಗಡೆಯಿಂದ ಪ್ತಾಹ್, ಆಮುನ್, ರಾಮ್ಸೆಸ್, ರಾ-ಹೊರಾಖ್ತಿ. ದೇವರ ಸಾಲಿನಲ್ಲಿ ತನಗೂ ಒಂದು ಪೀಠ ಹಾಕಿಸಿಕೊಂಡವನು ರಾಮ್ಸೆಸ್. ಮುಖಗಳು ಸವೆದಿವೆ. ಆದರೆ ಬೆಳಕು ಬಿದ್ದಾಗ ರಾಜನ ಮಂಡಿಯ ಮೇಲೆ ಉಳಿ ಎಳೆದ ಗೆರೆಗಳು ಒಂದೊಂದಾಗಿ ಎದ್ದು ಬಂದವು. ನಮ್ಮ ಕಾಲಡಿಯ ಧೂಳು ಬೆಳಕಿನ ಕೋಲಿನಲ್ಲಿ ಮೇಲೇಳುತ್ತಿತ್ತು. ಪಕ್ಕದ ಗೋಡೆಯಲ್ಲಿ ಗರಗಸದ ಗೀರಿಗೆ ಗಾರೆ ತುಂಬಿದ್ದೂ ಕಂಡಿತು, ಬೆರಳಿನಷ್ಟೂ ಅಗಲವಿಲ್ಲ.

ಸೂರ್ಯ ಮೇಲೇರಿದಂತೆ ಬೆಳಕು ಕೆಳಕ್ಕೂ ಬಲಕ್ಕೂ ಜರುಗುತ್ತದೆ. ಆಮುನ್‌ನ ಎದೆ, ರಾಜನ ತೊಡೆ, ಆಮೇಲೆ ರಾ-ಹೊರಾಖ್ತಿ. ಎಡಗಡೆಯ ಪ್ತಾಹ್ ಮಾತ್ರ ಕತ್ತಲಲ್ಲೇ. ಅವನು ಪಾತಾಳದ ನಂಟಿನ ದೇವರು, ಬೆಳಕು ಬೇಡ ಅಂತ ಹೀಗೆ ಕೂರಿಸಿದ್ದಾರೆ ಅನ್ನುತ್ತಾರೆ. 23ಕ್ಕೆ ಬೆಳಕು ಕೊಂಚ ಎಡಕ್ಕೆ ಸರಿದಿತ್ತೋ ಏನೋ, ಅವನ ಭುಜದ ಅಂಚಿನಲ್ಲಿ ಒಂದು ಎಳೆ ಹೊಳೆಯಿತು. ಒಟ್ಟು ಇಪ್ಪತ್ತು ನಿಮಿಷ. ಅಷ್ಟೂ ಹೊತ್ತು ಯಾರೂ ನಮ್ಮನ್ನು ತಳ್ಳಲಿಲ್ಲ. ಅಕ್ಕ ಚಪ್ಪಲಿ ಬಿಟ್ಟು ನಿಂತಿದ್ದಳು. ಯಾಕೆ ಅಂತ ನಾನು ಕೇಳಲಿಲ್ಲ.

ಹೊರಗೆ ಬಂದು ನೆಫರ್ತಾರಿಯ ಚಿಕ್ಕ ಗುಡಿ ನೋಡಿ, ಮೆಟ್ಟಿಲ ಮೇಲೆ ಕೂತು ರೊಟ್ಟಿ, ಫೂಲ್ ತಿಂದೆವು. ಫೂಲ್ ಅಂದರೆ ಅಲ್ಲಿನ ಕಾಳಿನ ಪಲ್ಯ, ಕಡಲೆ ಉಸಲಿಯನ್ನು ಕಿವುಚಿದ ಹಾಗೆ. ಅಷ್ಟರಲ್ಲಿ ಅಸ್ವಾನ್ ಕಡೆಯ ಮೊದಲ ವ್ಯಾನ್ ಬಂದು ನಿಂತಿತು. ಕ್ಯಾಮೆರಾ ತೂಗುಹಾಕಿಕೊಂಡ ಒಬ್ಬ ಹೆಂಗಸು ಓಡಿ ಬಂದು, ಸೂರ್ಯ ಒಳಗೆ ಬಂದನಾ ಅಂತ ಸನ್ನೆಯಲ್ಲಿ ಕೇಳಿದಳು. ಅಕ್ಕ ರೊಟ್ಟಿ ಮುರಿಯುತ್ತಾ, ಅಚ್ಚ ಕನ್ನಡದಲ್ಲಿ, "ಈಗ ತಾನೇ ಬಂದು ಹೋದ ನೋಡಮ್ಮಾ, ನಾಳೆ ಬೇಗ ಬಾ" ಅಂದಳು.