ಮುಳುಗಡೆಯ ಪುಸ್ತಕ ಮುಗಿದ ಬಗೆ

ಶರಾವತಿ ಕಣಿವೆಯ ಮುಳುಗಡೆಯ ಕುರಿತು ನಾನು ಬರೆಯುತ್ತಿದ್ದ ಪುಸ್ತಕ ಕೊನೆಯ ಎರಡು ಅಧ್ಯಾಯಗಳ ಹೊಸ್ತಿಲಲ್ಲಿ ಬಹುಕಾಲ ನಿಂತುಹೋಗಿತ್ತು. ಸಾಮಗ್ರಿಯ ಕೊರತೆಯೇನೂ ಇರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಹಿನ್ನೀರು ಏರಿದಾಗ ಮನೆ, ಗದ್ದೆ, ತೋಟ ಬಿಟ್ಟು ಎದ್ದವರನ್ನೂ ಅವರ ಮಕ್ಕಳನ್ನೂ ಸಾಗರ, ಹೊಸನಗರ, ಶಿವಮೊಗ್ಗದ ಕಡೆಯ ಊರುಗಳಲ್ಲಿ ಹುಡುಕಿ ಮಾತನಾಡಿಸಿದ್ದೆ. ಅದಕ್ಕೂ ಮುಂಚೆ ಇದೇ ನದಿಗೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯ ಕಾಲದಲ್ಲಿಯೇ ಒಮ್ಮೆ ಎದ್ದು, ಲಿಂಗನಮಕ್ಕಿಗಾಗಿ ಎರಡನೆಯ ಬಾರಿ ಎದ್ದವರ ಕಥೆಯೂ ನನ್ನ ಕರಡಿನಲ್ಲಿ ಸೇರಿತ್ತು. ತೊಡಕಿದ್ದದ್ದು ಬೇರೆಡೆ. ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆ ಅರ್ಧ ಶತಮಾನ ದಾಟಿದರೂ ಬಗೆಹರಿದಿಲ್ಲವಾದ್ದರಿಂದ, ಹೊಸದೊಂದು ಆದೇಶವೋ ಪಾದಯಾತ್ರೆಯೋ ನ್ಯಾಯಾಲಯದ ಸುದ್ದಿಯೋ ಬಂದಾಗಲೆಲ್ಲ ನಾನು ಕೊನೆಯ ಅಧ್ಯಾಯವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ.

ಆ ಹೊತ್ತಿನಲ್ಲಿ ನನಗೆ ಒದಗಿದವರು ಸಾಗರದಲ್ಲಿ ತಿಂಗಳಿಗೊಮ್ಮೆ ಒಬ್ಬರಲ್ಲೊಬ್ಬರ ಮನೆಯಲ್ಲಿ ಸೇರುವ ಬರಹಗಾರ ಗೆಳೆಯರು: ಒಬ್ಬರು ಕವಿ, ಒಬ್ಬರು ಕಥೆಗಾರ್ತಿ, ಇನ್ನೊಬ್ಬರು ಮರಾಠಿಯಿಂದ ಅನುವಾದ ಮಾಡುವವರು. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಬೆಳೆದ ಗೆಳೆಯರ ಗುಂಪಿನ ಬಗ್ಗೆ, ಜಿ. ಬಿ. ಜೋಶಿಯವರ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯಲ್ಲಿ ಲೇಖಕರು ಸೇರುತ್ತಿದ್ದ ಅಟ್ಟದ ಬಗ್ಗೆ ಓದಿದವರಿಗೆ ಬರಹಗಾರರ ಒಡನಾಟವೆಂದರೆ ಏನೋ ದೊಡ್ಡ ಚಿತ್ರವೇ ಕಣ್ಣಿಗೆ ಕಟ್ಟುತ್ತದೆ. ನಮ್ಮಲ್ಲಿ ಅಂಥದ್ದೇನೂ ಇರಲಿಲ್ಲ. ತಮ್ಮ ಬರವಣಿಗೆ ಎಲ್ಲಿ ನಿಂತಿದೆ ಎಂದು ನಾಚಿಕೆಯಿಲ್ಲದೆ ಹೇಳಿಕೊಳ್ಳಬಲ್ಲ ನಾಲ್ಕು ಜನ ನಾವು, ಅಷ್ಟೆ. ಹಾಗೆ ನೋಡಿದರೆ, ಬರೆದು ಮುಗಿಸಿ ಹೆಸರು ಮಾಡಿದವರ ಬೆನ್ನು ತಟ್ಟುವಿಕೆಗಿಂತ ತಾವೂ ಎಲ್ಲಿಯೋ ಸಿಕ್ಕಿಕೊಂಡು ಒದ್ದಾಡುತ್ತಿದ್ದವರ ಜೊತೆಯೇ ನನ್ನನ್ನು ಮತ್ತೆ ಮೇಜಿನ ಮುಂದೆ ಕೂರಿಸಿತು.

ಒಂದು ಕ್ರಮವನ್ನು ನಾವು ಮಾಡಿಕೊಂಡೆವು. ಹಸ್ತಪ್ರತಿಯನ್ನು ಯಾರಿಗೂ ಕೊಡುವಂತಿಲ್ಲ, ಓದಬೇಕು. ಕೇಳಿದವರು ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವಂತಿಲ್ಲ, ಪ್ರಶ್ನೆ ಕೇಳಬೇಕು. ಹೊಗಳಿಕೆ ಬೇಡವೆಂಬ ನಿಯಮ ನನಗೆ ಮೊದಮೊದಲು ಒಣ ಶಿಸ್ತಿನಂತೆ ಕಂಡಿತ್ತು. ಆದರೆ ಹೊಗಳಿಸಿಕೊಂಡ ಮರುದಿನ ನಾನು ಒಂದು ಸಾಲನ್ನೂ ಬರೆಯುತ್ತಿರಲಿಲ್ಲ, ಬರೆದದ್ದನ್ನೇ ಮತ್ತೆ ಓದಿಕೊಂಡು ಕೂರುತ್ತಿದ್ದೆ. ಪ್ರಶ್ನೆಯಾದರೆ ಉತ್ತರ ಹುಡುಕುವ ಕೆಲಸ ಹಚ್ಚುತ್ತಿತ್ತು.

ಕುಟುಂಬವೊಂದನ್ನು ಲಾರಿಯಲ್ಲಿ ತಂದು ಕಾಡಿನಂಚಿನಲ್ಲಿ ಇಳಿಸಿದ ಭಾಗವನ್ನು ಓದಿದ ದಿನ, ಪರಿಹಾರದ ದರ, ಎಕರೆಗಳ ಲೆಕ್ಕ, ಸರಕಾರಿ ಪತ್ರಗಳ ಕ್ರಮ ಎಲ್ಲವನ್ನೂ ನಾನು ಸರಿಯಾಗಿಯೇ ಜೋಡಿಸಿದ್ದೇನೆಂಬ ತೃಪ್ತಿಯಲ್ಲಿದ್ದೆ. ಕಥೆಗಾರ್ತಿ ಒಂದೇ ಮಾತು ಕೇಳಿದರು: "ಅಲ್ಲ ಮಾರಾಯ್ರೇ, ಲಾರಿಯಿಂದ ಇಳಿದ ಆ ರಾತ್ರಿ ಅವರು ಅಡುಗೆ ಎಲ್ಲಿ ಮಾಡಿದರು?" ನನ್ನ ಟಿಪ್ಪಣಿಗಳಲ್ಲಿ ಅದಿರಲಿಲ್ಲ. ಆ ಮನೆಯ ಹಿರಿಯಮ್ಮನನ್ನು ಮತ್ತೆ ಹೋಗಿ ಕೇಳಿದೆ. ಮೂರು ಕಲ್ಲು ಹೂಡಿ ಒಲೆ ಮಾಡಿದ್ದಾಗಿಯೂ, ಮಳೆ ಬಿದ್ದು ಕಾಡಿನ ಸೌದೆ ಹಸಿಯಾಗಿದ್ದುದರಿಂದ ಹಳೆಯ ಮನೆಯ ಮಾಡಿನಿಂದ ಬಿಚ್ಚಿ ಹೊತ್ತು ತಂದಿದ್ದ ರೀಪುಗಳನ್ನೇ ಮುರಿದು ಉರಿಸಿದ್ದಾಗಿಯೂ ಆಕೆ ಹೇಳಿದರು. ಹೊಸ ಮನೆ ಕಟ್ಟಲೆಂದು ತಂದ ಮರ ಅದು. "ಗಂಜಿ ಬೇಯುವಷ್ಟು ಸಾಕು ಅಂತ ಮಾವ ಎರಡೇ ತುಂಡು ಕೊಟ್ಟರು" ಎಂದು ಆಕೆ ಹೇಳಿದ ಮಾತಿನಿಂದಲೇ ಆ ಅಧ್ಯಾಯ ಈಗ ಆರಂಭವಾಗುತ್ತದೆ. ಪರಿಹಾರದ ದರಗಳು ಹಿಂದಿನ ಪುಟಕ್ಕೆ ಸರಿದವು.

ಕವಿಮಿತ್ರರ ಉಪಾಯ ಬೇರೆಯೇ ಬಗೆಯದು. ಪುಸ್ತಕ ಮುಗಿಯುವ ಮುಂಚೆಯೇ ಅವರು ಅದಕ್ಕೆ ಬೆನ್ನುಡಿ ಬರೆದು ತಂದರು. ಬೆನ್ನುಡಿಗಳೆಂದರೆ ಸಾಮಾನ್ಯವಾಗಿ ನನಗೆ ಅಷ್ಟಕ್ಕಷ್ಟೆ. ಯಾವ ಪುಸ್ತಕಕ್ಕೆ ಹಚ್ಚಿದರೂ ಹೊಂದುವ ವಿಶೇಷಣಗಳೇ ಅಲ್ಲಿರುತ್ತವೆ. ಇವರದು ಹಾಗಿರಲಿಲ್ಲ. ಹಿನ್ನೀರಿನಾಚೆಯ ಕರೂರು ಹೋಬಳಿಯ ಜನ ನೀರಿನಿಂದ ಹೊರಗೆ ಉಳಿದೂ ಊರಿಗೆ ದೂರವಾದ ಬಗೆಯನ್ನು ಈ ಪುಸ್ತಕ ಹೇಳುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು, ಆದರೆ ನನ್ನ ಕರಡಿನಲ್ಲಿ ಆ ಹೋಬಳಿಯ ತುಮರಿಯ ಕಡೆಯವರು ಹಿನ್ನೀರು ದಾಟುತ್ತಿದ್ದ ಲಾಂಚ್ ಪ್ರಯಾಣದ ಬಗ್ಗೆ ಇದ್ದದ್ದು ಒಂದೇ ಪ್ಯಾರಾ. ಬೆನ್ನುಡಿಯಲ್ಲಿ ಹೇಳಿದ್ದು ಒಳಗೆ ಇಲ್ಲದಿದ್ದರೆ ಹೇಗೆಂದು, ಬಾಕಿಯಿದ್ದ ಎರಡು ಅಧ್ಯಾಯಗಳಲ್ಲಿ ಒಂದನ್ನು ಆ ಕಡೆಗೇ ಬಿಟ್ಟುಕೊಟ್ಟೆ.

ಮುಕ್ತಾಯದ ಗೋಜಲನ್ನು ಬಿಡಿಸಿದವರು ಅನುವಾದಕರು. 2025ರ ಜುಲೈಯಲ್ಲಿ ತುಮರಿಯ ಕಡೆಗೆ ಹೋಗಲು ಹಿನ್ನೀರಿನ ಮೇಲೆ ಕಟ್ಟಿದ, ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ಸಂಚಾರಕ್ಕೆ ತೆರೆದಾಗ, ಇದನ್ನೂ ಸೇರಿಸಬೇಕಲ್ಲ, ಮತ್ತೊಂದು ವರ್ಷ ಹೋಯಿತು ಎಂದು ನಾನು ಕೈಚೆಲ್ಲಿದ್ದೆ. ಹೋರಾಟ ಮುಗಿಯುವವರೆಗೆ ಕಾಯುವ ಪುಸ್ತಕ ಹೋರಾಟಗಾರರಿಗೇ ಸಿಗುವುದಿಲ್ಲ, ನಿಮ್ಮೊಡನೆ ಮಾತನಾಡಿದವರಲ್ಲಿ ಎಷ್ಟು ಜನ ಈಗ ಉಳಿದಿದ್ದಾರೆ ಎಂದು ಅವರು ಕೇಳಿದರು. ಕಟುವಾದ ಮಾತೇ, ಆದರೆ ಲೆಕ್ಕ ಹಾಕಿ ನೋಡಿದರೆ ನಿಜವಾಗಿತ್ತು. ಸೇತುವೆಯ ಮೇಲೆ ಮೊದಲ ಬಸ್ಸುಗಳು ಓಡಾಡಲು ತೊಡಗಿದ ದಿನಗಳಲ್ಲಿ ಪುಸ್ತಕವನ್ನು ನಿಲ್ಲಿಸುವುದೆಂದೂ, ಹಕ್ಕುಪತ್ರದ ಪ್ರಶ್ನೆ ಇತ್ಯರ್ಥವಾಗಿಲ್ಲವೆಂಬುದನ್ನು ಹಾಗೆಯೇ ಹೇಳುವುದೆಂದೂ ಅಂದೇ ಗೊತ್ತುಮಾಡಿಕೊಂಡೆವು.

ಹಸ್ತಪ್ರತಿ ಈಗ ಪ್ರಕಾಶಕರಲ್ಲಿದ್ದು, ಡಿಟಿಪಿ ಆಗಿ ಮೊದಲ ಕರಡು ತಿದ್ದಲು ಬಂದಿದೆ. ಅನುವಾದಕರ ಕಾದಂಬರಿ ಮಾತ್ರ ಇನ್ನೂ ನಡುವಿನಲ್ಲಿಯೇ ಇದೆ. ಮುಂದಿನ ಬೈಠಕ್ಕು ಅವರದು, ಪ್ರಶ್ನೆ ಕೇಳುವ ಸರದಿ ನನ್ನದು.